ಬ್ಯಾಕ್‌ಗ್ಯಾಮನ್ ಪಂದ್ಯಾವಳಿಯಲ್ಲಿ ಟೈ ಬಿಡಿಸುವುದು ಮತ್ತು ಬಹುಮಾನ ಹಂಚುವುದು: ಆಯೋಜಕರಿಗೆ ಒಂದು ಮಾರ್ಗದರ್ಶಿ

ಬ್ಯಾಕ್‌ಗ್ಯಾಮನ್ ಎಂದರೆ ಇಬ್ಬರು ದಾಳ ಹಾಕಿ ಹಲಗೆಯ ಮೇಲೆ ಕಾಯಿ ನಡೆಸುವ ಆಟ, ತನ್ನ ಕಾಯಿಗಳನ್ನೆಲ್ಲ ಮೊದಲು ಹೊರತೆಗೆದವರಿಗೆ ಗೆಲುವು. ಇಂಥ ಒಂದು ಅಥವಾ ಹಲವು ಆಟಗಳು ಸೇರಿ ಒಂದು ಪಂದ್ಯ, ಪಂದ್ಯದಲ್ಲಿ ಡ್ರಾ ಎಂಬುದಿಲ್ಲ. 5, 7 ಅಥವಾ 11 ಅಂಕಗಳ ಗುರಿಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರೇ ಗೆದ್ದವರು. ಈ ಕಾರಣಕ್ಕೆ ಮೊದಲ ಸಲ ಪಂದ್ಯಾವಳಿ ನಡೆಸುವವರು ಟೈ ಬಗ್ಗೆ ಯೋಚಿಸುವುದೇ ಇಲ್ಲ. ಶುದ್ಧ ನಾಕೌಟ್ ಪಂದ್ಯಾವಳಿಯಲ್ಲಿ ಆ ಅಲಕ್ಷ್ಯದಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಯಾರನ್ನೂ ಹೊರಹಾಕದೆ ಸಮನಾದ ಗೆಲುವುಗಳಿರುವವರನ್ನು ಜೋಡಿಸುತ್ತ ಹೋಗುವ ಸ್ವಿಸ್ ಪದ್ಧತಿಯಲ್ಲಿ ಏಳು ಸುತ್ತು ಆಡಿಸಿದಾಗಲೋ, ಆರು ಜನರ ಗುಂಪಿನಲ್ಲಿ ಎಲ್ಲರೊಡನೆ ಎಲ್ಲರನ್ನೂ ಆಡಿಸಿದಾಗಲೋ, ಕೊನೆಗೆ ಮೂವರು ನಾಲ್ವರು ಒಂದೇ ಸಂಖ್ಯೆಯ ಗೆಲುವುಗಳೊಂದಿಗೆ ಬಂದು ನಿಲ್ಲುವುದು ಅಪರೂಪವಲ್ಲ, ಅದೇ ವಾಡಿಕೆ.

ಆಗ ಆಯೋಜಕರ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ಪಟ್ಟಿಯಲ್ಲಿ ಯಾರ ಹೆಸರನ್ನು ಮೇಲೆ ಬರೆಯಬೇಕು ಎಂಬುದು ಒಂದು, ಹಣವನ್ನು ಹೇಗೆ ಹಂಚಬೇಕು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಪ್ರಶ್ನೆಯೆಂದು ಭಾವಿಸುವುದರಿಂದಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಪಾರಿತೋಷಕವನ್ನು ತುಂಡು ಮಾಡಲು ಬರುವುದಿಲ್ಲವಾದ್ದರಿಂದ ಅದಕ್ಕೆ ಟೈ ಬ್ರೇಕ್ ಬೇಕು. ಹಣವನ್ನು ಪಾಲು ಮಾಡಲು ಬರುತ್ತದೆ, ಆದ್ದರಿಂದ ಸಮನಾಗಿ ಗೆದ್ದವರಿಗೆ ಅದನ್ನು ಸಮನಾಗಿಯೇ ಹಂಚಬೇಕು. ಮುಂದೆ ಹೇಳುವುದೆಲ್ಲ ಈ ವಿಂಗಡಣೆಯನ್ನು ಆಧರಿಸಿದೆ.

ಮೊದಲು ಹಂಚಿಕೆಯ ಸರಳ ಲೆಕ್ಕ

ಬಹುಮಾನ ನಿಧಿಯನ್ನು 100 ಪಾಲು ಎಂದುಕೊಳ್ಳೋಣ. ಮೊದಲ ನಾಲ್ಕು ಸ್ಥಾನಗಳಿಗೆ ಕ್ರಮವಾಗಿ 40, 30, 20, 10 ಎಂದು ಪ್ರಕಟಿಸಲಾಗಿದೆ. ಒಬ್ಬರು ಆರು ಪಂದ್ಯ ಗೆದ್ದು ಮೊದಲಿಗರಾದರು, ಮೂವರು ತಲಾ ಐದು ಗೆದ್ದರು. ಈ ಮೂವರು ಸೇರಿ ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನಗಳನ್ನು ತುಂಬಿದ್ದಾರೆ. ಹಾಗಾಗಿ ಆ ಮೂರು ಬಹುಮಾನಗಳನ್ನು ಕೂಡಿಸಿ, ಬಂದ 60 ಪಾಲನ್ನು ಮೂರರಿಂದ ಭಾಗಿಸಿ ತಲಾ 20 ಕೊಡಬೇಕು. ಐದು ಗೆದ್ದವರು ಮೂವರಲ್ಲ, ನಾಲ್ವರು ಎಂದಾದರೆ ಅವರು ಎರಡರಿಂದ ಐದರವರೆಗಿನ ಸ್ಥಾನಗಳನ್ನು ತುಂಬುತ್ತಾರೆ. ಐದನೆಯ ಸ್ಥಾನಕ್ಕೆ ಬಹುಮಾನ ಶೂನ್ಯ, ಆದ್ದರಿಂದ ಅದೇ 60 ಪಾಲು ನಾಲ್ವರಿಗೆ ತಲಾ 15ರಂತೆ ಹೋಗುತ್ತದೆ. ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ, ನಿಧಿಯೂ ಮೀರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಹೆಚ್ಚು ಬಲಿಷ್ಠ ಎದುರಾಳಿಗಳನ್ನು ಎದುರಿಸಿ ಐದು ಗೆದ್ದವರಿಗೂ, ಸುಲಭದ ದಾರಿಯಲ್ಲಿ ಐದು ಗೆದ್ದವರಿಗೂ ಒಂದೇ ಮೊತ್ತ ಹೇಗೆ ಸರಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಾಳದ ಆಟದಲ್ಲಿ ಐದಾರು ಪಂದ್ಯಗಳ ಫಲಿತಾಂಶವೇ ಕೌಶಲದ ಒರಟು ಅಳತೆ. ಆ ಒರಟು ಅಳತೆಯ ಮೇಲೆ ಇನ್ನೊಂದು ಒರಟು ಅಳತೆಯನ್ನು ಹೇರಿ, ಅದರ ಆಧಾರದಲ್ಲಿ ಒಬ್ಬರಿಗೆ 30, ಇನ್ನೊಬ್ಬರಿಗೆ 10 ಎಂದು ಮೂರು ಪಟ್ಟು ವ್ಯತ್ಯಾಸ ಮಾಡುವುದನ್ನು ಸಮರ್ಥಿಸುವುದು ಕಷ್ಟ.

ಅಂಕಗಳ ಅಂತರವನ್ನು ಏಕೆ ಬಳಸಬಾರದು

ಟೈ ಬಿಡಿಸಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಗಳಿಸಿದ ಅಂಕಗಳಿಂದ ಬಿಟ್ಟುಕೊಟ್ಟ ಅಂಕಗಳನ್ನು ಕಳೆಯುವುದು. ಫುಟ್‌ಬಾಲಿನ ಗೋಲು ಅಂತರದಂತೆ ಇದು ಕಾಣಲು ಸಹಜ, ಲೆಕ್ಕಕ್ಕೂ ಸುಲಭ. ಬ್ಯಾಕ್‌ಗ್ಯಾಮನ್‌ಗೆ ಮಾತ್ರ ಇದು ಹೊಂದುವುದಿಲ್ಲ. ಅದಕ್ಕೆ ಕಾರಣ ಡಬ್ಲಿಂಗ್ ಕ್ಯೂಬ್, ಅಂದರೆ ಒಂದು ಆಟದ ಬೆಲೆಯನ್ನು ಒಂದು ಅಂಕದಿಂದ 2, 4, 8 ಎಂದು ದುಪ್ಪಟ್ಟು ಮಾಡುತ್ತ ಹೋಗುವ ಘನ. ಒಬ್ಬರು ಡಬಲ್ ಮಾಡಲು ಮುಂದಾದರೆ ಎದುರಾಳಿ ಒಪ್ಪಿ ಕ್ಯೂಬನ್ನು ತನ್ನ ಬಳಿಗೆ ತೆಗೆದುಕೊಳ್ಳಬೇಕು, ಇಲ್ಲವೇ ಆ ಆಟವನ್ನು ಬಿಟ್ಟುಕೊಡಬೇಕು.

ಏಳು ಅಂಕದ ಪಂದ್ಯವೊಂದನ್ನು ತೆಗೆದುಕೊಳ್ಳಿ. ಮೊದಲ ಆಟದಲ್ಲೇ ಕ್ಯೂಬ್ 4ಕ್ಕೆ ಏರಿ, ಸೋತವರು ಒಂದು ಕಾಯಿಯನ್ನೂ ಹೊರತೆಗೆಯುವ ಮುನ್ನವೇ ಆಟ ಮುಗಿದರೆ ಅದು ಗ್ಯಾಮನ್, ಅಂದರೆ ಎರಡು ಪಟ್ಟು ಅಂಕದ ಗೆಲುವು. ನಾಲ್ಕರ ಎರಡರಷ್ಟು ಎಂದರೆ ಎಂಟು ಅಂಕ, ಪಂದ್ಯ ಅಲ್ಲಿಗೇ 7–0 ಎಂದು ಮುಗಿಯುತ್ತದೆ. ಪಕ್ಕದ ಮೇಜಿನಲ್ಲಿ ಇಬ್ಬರು ಎಚ್ಚರದಿಂದ ಆಡಿ, ಕ್ಯೂಬನ್ನು ಒಮ್ಮೆಯೂ ಏರಗೊಡದೆ, ಹದಿಮೂರು ಆಟಗಳ ನಂತರ 7–6ರಲ್ಲಿ ಮುಗಿಸುತ್ತಾರೆ. ಅಂತರದ ಲೆಕ್ಕದಲ್ಲಿ ಮೊದಲಿನವರಿಗೆ ಏಳು, ಎರಡನೆಯವರಿಗೆ ಒಂದು. ಹದಿಮೂರು ಆಟಗಳಲ್ಲಿ ನೂರಾರು ನಿರ್ಧಾರಗಳನ್ನು ತೆಗೆದುಕೊಂಡು ಗೆದ್ದವರಿಗಿಂತ, ಒಂದೇ ಆಟದಲ್ಲಿ ದಾಳ ಒಲಿದವರು ಏಳು ಪಟ್ಟು ಉತ್ತಮ ಎಂದು ಆ ಲೆಕ್ಕ ಹೇಳಿದಂತಾಯಿತು. ಅದು ಅಳೆದದ್ದು ಕ್ಯೂಬಿನ ಎತ್ತರವನ್ನು, ಆಟಗಾರರನ್ನಲ್ಲ.

ಇದಕ್ಕಿಂತ ದೊಡ್ಡ ಹಾನಿಯೆಂದರೆ ಈ ನಿಯಮ ಆಟವನ್ನೇ ಬದಲಿಸುತ್ತದೆ. ಪಂದ್ಯ ಗೆಲ್ಲಲು ಆಡುವವರಿಗೆ ಗುರಿ ದಾಟಿದ ಮೇಲಿನ ಅಂಕಗಳಿಗೆ ಬೆಲೆಯಿಲ್ಲ, ಸೋತ ಪಂದ್ಯದಲ್ಲಿ ಗಳಿಸಿದ ಅಂಕಗಳಿಗೂ ಬೆಲೆಯಿಲ್ಲ. ಅಂತರವನ್ನು ಎಣಿಸತೊಡಗಿದೊಡನೆ ಹಿಂದಿರುವವರು ಇಕ್ಕಟ್ಟಿಗೆ ಸಿಲುಕುತ್ತಾರೆ: ಪಂದ್ಯ ಉಳಿಸಲು ಇರುವ ಒಂದೇ ಕಠಿಣ ದಾರಿಯನ್ನು ಹಿಡಿಯಬೇಕೋ, ಒಂದೆರಡು ಅಂಕ ಕಟ್ಟಿಕೊಂಡು ಸೋಲಿನ ಅಂತರವನ್ನು ತಗ್ಗಿಸಬೇಕೋ ಎಂಬ ಗೊಂದಲ ಅವರದು. ಇನ್ನು ಕೊನೆಯ ಸುತ್ತಿನಲ್ಲಿ, ತನಗೆ ಏನೂ ಉಳಿದಿಲ್ಲದ ಒಬ್ಬರು ಮಿತ್ರರಿಗೆ ಉಪಕಾರ ಮಾಡಬಯಸಿದರೆ, ಒಂದೆರಡು ವಿವೇಚನೆಯಿಲ್ಲದ ಕ್ಯೂಬ್‌ಗಳನ್ನು ಒಪ್ಪಿಕೊಂಡರೆ ಸಾಕು, ಬೇಕಾದ ಅಂತರ ಸಿದ್ಧ. ಅದನ್ನು ಸಾಬೀತು ಮಾಡುವುದು ಯಾವ ನಿರ್ದೇಶಕರಿಗೂ ಆಗದು. ಅಂತರವನ್ನು ಬಳಸಲೇಬೇಕೆಂದಿದ್ದರೆ ಚೀಟಿ ಎತ್ತುವುದಕ್ಕೆ ಸ್ವಲ್ಪ ಮುಂಚಿನ, ಕಟ್ಟಕಡೆಯ ಮೆಟ್ಟಿಲಾಗಿ ಇರಿಸಿ.

ಸ್ವಿಸ್ ಪದ್ಧತಿಯಲ್ಲಿ ಟೈ ಬ್ರೇಕ್

ಸ್ವಿಸ್ ಪದ್ಧತಿಯಲ್ಲಿ ಪ್ರತಿ ಸುತ್ತಿನಲ್ಲೂ ಸಮನಾದ ಗೆಲುವುಗಳಿರುವವರನ್ನು ಜೋಡಿಸುತ್ತಾರೆ. ಎಲ್ಲರೂ ಎಲ್ಲರೊಡನೆ ಆಡುವುದಿಲ್ಲ, ಆದ್ದರಿಂದ ದಾರಿ ಒಬ್ಬರಿಗೆ ಕಡಿದು, ಇನ್ನೊಬ್ಬರಿಗೆ ಸಲೀಸು. ಮೊದಲ ಸುತ್ತು ಸೋತು ಉಳಿದೆಲ್ಲ ಗೆದ್ದವರು ಸಾಮಾನ್ಯವಾಗಿ ದುರ್ಬಲ ಎದುರಾಳಿಗಳ ನಡುವಿಂದ ಮೇಲೆ ಬಂದಿರುತ್ತಾರೆ. ಕೊನೆಯ ಸುತ್ತಿನಲ್ಲಿ ಮಾತ್ರ ಸೋತವರು ಅಗ್ರಸ್ಥಾನದವರೊಡನೆಯೇ ಕಾದಾಡಿರುತ್ತಾರೆ. ಈ ವ್ಯತ್ಯಾಸವನ್ನು ಹಿಡಿಯಲು ಚೆಸ್‌ನಿಂದ ಬಂದ ಬುಖ್‌ಹೋಲ್ಟ್ಸ್ ಪದ್ಧತಿ ಸಾಕಷ್ಟು ಉತ್ತಮ ಸಾಧನ: ಒಬ್ಬರ ಎಲ್ಲ ಎದುರಾಳಿಗಳ ಗೆಲುವುಗಳನ್ನು ಕೂಡಿಸಿದರೆ ಅವರ ದಾರಿಯ ಕಾಠಿಣ್ಯ ಸಿಗುತ್ತದೆ.

ಆದರೆ ಅದನ್ನು ಕಣ್ಣುಮುಚ್ಚಿ ಬಳಸಬಾರದು. ಐದು ಸುತ್ತಿನ ಪಂದ್ಯಾವಳಿಯಲ್ಲಿ ಇಬ್ಬರು ತಲಾ ನಾಲ್ಕು ಗೆದ್ದಿದ್ದಾರೆ ಎಂದುಕೊಳ್ಳಿ. ಮೊದಲನೆಯವರ ಎದುರಾಳಿಗಳು 4, 3, 3, 2, 2 ಗೆದ್ದಿದ್ದಾರೆ, ಒಟ್ಟು 14. ಎರಡನೆಯವರ ಎದುರಾಳಿಗಳು 4, 3, 3, 3, 0, ಒಟ್ಟು 13. ಮೊದಲನೆಯವರು ಮೇಲೆ ಎಂದಾಯಿತು. ಆದರೆ ಆ ಸೊನ್ನೆ ಯಾರದ್ದೆಂದು ನೋಡಿದರೆ, ಎರಡನೆಯ ಸುತ್ತಿನ ಬಳಿಕ ಪಂದ್ಯಾವಳಿಯನ್ನೇ ಬಿಟ್ಟುಹೋದವರದ್ದು. ಬೇರೆಯವರು ಎದ್ದುಹೋದದ್ದಕ್ಕೆ ಇವರಿಗೆ ಶಿಕ್ಷೆ. ಇಬ್ಬರ ಪಟ್ಟಿಯಿಂದಲೂ ಅತಿ ಕಡಿಮೆಯ ಒಂದೊಂದು ಸಂಖ್ಯೆಯನ್ನು ತೆಗೆದುಹಾಕಿದರೆ ಮೊದಲನೆಯವರಿಗೆ 12, ಎರಡನೆಯವರಿಗೆ 13 ಉಳಿದು ಕ್ರಮ ಅದಲುಬದಲಾಗುತ್ತದೆ. ನಡುವೆ ಎದ್ದುಹೋಗುವವರು ಇದ್ದೇ ಇರುವ ಮುಕ್ತ ಪಂದ್ಯಾವಳಿಗಳಲ್ಲಿ ಈ ಕಡಿತದ ರೂಪವನ್ನೇ ನಾನು ಶಿಫಾರಸು ಮಾಡುತ್ತೇನೆ. ಎದುರಾಳಿಯಿಲ್ಲದೆ ಬೈ ಪಡೆದವರ ಆ ಸುತ್ತನ್ನು ಹೇಗೆ ಎಣಿಸಬೇಕೆಂಬುದನ್ನೂ ಮೊದಲೇ ಬರೆದಿಡಿ. ಬೈಗೆ ಸೊನ್ನೆ ಗೆಲುವಿನ ಕಾಲ್ಪನಿಕ ಎದುರಾಳಿ ಎಂದು ಎಣಿಸಿದರೆ, ಕಡಿತದ ನಿಯಮವೇ ಆ ಸೊನ್ನೆಯನ್ನು ನುಂಗಿಬಿಡುತ್ತದೆ.

ಇದಕ್ಕೂ ಮೊದಲು ಪರಸ್ಪರ ಪಂದ್ಯದ ಫಲಿತಾಂಶವನ್ನು ನೋಡಬೇಕು. ಸಮನಾಗಿರುವ ಇಬ್ಬರೂ ಪರಸ್ಪರ ಆಡಿದ್ದರೆ ಗೆದ್ದವರು ಮೇಲೆ. ಮೂವರಿದ್ದರೆ, ಒಬ್ಬರು ಉಳಿದಿಬ್ಬರನ್ನೂ ಸೋಲಿಸಿದ್ದಾಗ ಮಾತ್ರ ಈ ನಿಯಮ ಮೊದಲ ಸ್ಥಾನವನ್ನು ತೀರ್ಮಾನಿಸಬೇಕು. ಇಲ್ಲವಾದರೆ ಬುಖ್‌ಹೋಲ್ಟ್ಸ್‌ಗೆ ಹೋಗಬೇಕು.

ರೌಂಡ್ ರಾಬಿನ್ ಗುಂಪುಗಳಲ್ಲಿ ಬುಖ್‌ಹೋಲ್ಟ್ಸ್ ಸಂಪೂರ್ಣ ನಿಷ್ಪ್ರಯೋಜಕ. ಎಲ್ಲರೂ ಎಲ್ಲರೊಡನೆ ಆಡಿರುವುದರಿಂದ ಸಮನಾಗಿ ಗೆದ್ದವರ ಎದುರಾಳಿಗಳ ಮೊತ್ತವೂ ಸಮನಾಗಿಯೇ ಇರುತ್ತದೆ. ಇದನ್ನು ಗಮನಿಸದೆ ನಿಯಮಾವಳಿಯಲ್ಲಿ ಸೇರಿಸಿ, ಕೊನೆಯ ಗಳಿಗೆಯಲ್ಲಿ ತಬ್ಬಿಬ್ಬಾಗುವುದು ಸುಲಭ. ಅಲ್ಲಿ ಪರಸ್ಪರ ಫಲಿತಾಂಶ, ಅದು ಸುತ್ತುಹೊಡೆದರೆ, ಅಂದರೆ ಮೊದಲನೆಯವರು ಎರಡನೆಯವರನ್ನೂ ಎರಡನೆಯವರು ಮೂರನೆಯವರನ್ನೂ ಮೂರನೆಯವರು ಮೊದಲನೆಯವರನ್ನೂ ಸೋಲಿಸಿದ್ದರೆ, ಸೊನ್ನೆಬಾರ್ನ್–ಬರ್ಗರ್ ಲೆಕ್ಕವನ್ನು ಬಳಸಬಹುದು. ಅದರಲ್ಲಿ ತಾವು ಸೋಲಿಸಿದವರ ಗೆಲುವುಗಳನ್ನು ಮಾತ್ರ ಕೂಡಿಸುತ್ತಾರೆ. ಬಲಿಷ್ಠರನ್ನು ಸೋಲಿಸಿ ದುರ್ಬಲರಿಗೆ ಸೋತವರಿಗೆ ಅದು ಅನುಕೂಲ. ಅದು ನ್ಯಾಯವೋ ಅಲ್ಲವೋ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ, ಆದರೆ ಯಾರೂ ಅದಕ್ಕಾಗಿ ತಮ್ಮ ಆಟವನ್ನು ವಕ್ರಗೊಳಿಸಲಾರರು. ಅಷ್ಟು ಗುಣ ಸಾಕು.

ಗಣಕ ವಿಶ್ಲೇಷಣೆಯಲ್ಲಿ ಸಿಗುವ ಆಟದ ತಪ್ಪುಗಳ ಪ್ರಮಾಣವನ್ನು, ಅಂದರೆ ಆಟಗಾರರು ಪಿಆರ್ ಎಂದು ಕರೆಯುವ ಸಂಖ್ಯೆಯನ್ನು, ಟೈ ಬಿಡಿಸಲು ಬಳಸಬಹುದಲ್ಲವೇ ಎಂದು ಈಚೆಗೆ ಕೇಳುವವರು ಹೆಚ್ಚುತ್ತಿದ್ದಾರೆ. ಎಕ್ಸ್‌ಟ್ರೀಮ್ ಗ್ಯಾಮನ್‌ನಂಥ ತಂತ್ರಾಂಶ ಪ್ರತಿ ನಿರ್ಧಾರದ ತಪ್ಪನ್ನು ಅಳೆದು ಸರಾಸರಿ ಕೊಡುತ್ತದೆ, ಸಂಖ್ಯೆ ಕಡಿಮೆಯಿದ್ದಷ್ಟೂ ಆಟ ಉತ್ತಮ. ದಾಳದ ಅದೃಷ್ಟವನ್ನು ಬಹುಪಾಲು ಬದಿಗಿಡುವ ಅಳತೆ ಇದು. ಆದರೆ ಎಲ್ಲ ಪಂದ್ಯಗಳನ್ನೂ ಚಿತ್ರೀಕರಿಸಿ, ನಡೆ ನಡೆಯನ್ನೂ ಬರೆದುಕೊಂಡು, ವಿಶ್ಲೇಷಿಸುವಷ್ಟರಲ್ಲಿ ಬಹುಮಾನ ವಿತರಣೆಯ ಹೊತ್ತು ಮೀರಿರುತ್ತದೆ. ಅಂತರಜಾಲದಲ್ಲಿ ನಡೆಯುವ, ನಡೆಗಳು ತಾವಾಗಿ ದಾಖಲಾಗುವ ಪಂದ್ಯಾವಳಿಗಳಿಗೆ ಮಾತ್ರ ಇದು ಕಾರ್ಯಸಾಧ್ಯ.

ಹಂಚಲಾಗದ್ದನ್ನು ಆಡಿಯೇ ಬಿಡಿಸಬೇಕು. ಸ್ವಿಸ್ ಹಂತದಿಂದ ನಾಲ್ವರು ನಾಕೌಟ್‌ಗೆ ಹೋಗಬೇಕಿದ್ದು, ಕೊನೆಯ ಒಂದು ಸ್ಥಾನಕ್ಕೆ ಇಬ್ಬರು ಸಮನಾಗಿದ್ದರೆ, ಸಮಯವಿದ್ದಲ್ಲಿ ಮೂರು ಅಂಕದ ಚಿಕ್ಕ ಪ್ಲೇಆಫ್, ಇಲ್ಲವೇ ಒಂದೇ ಆಟದ ನಿರ್ಣಯ. ಮೂವರಿದ್ದು ಒಬ್ಬರಿಗೆ ನೇರವಾಗಿ ಪ್ಲೇಆಫ್‌ನ ಎರಡನೆಯ ಸುತ್ತು ಸಿಗುವುದಾದರೆ, ಸಮಬಲರ ನಡುವೆ ಅವರ ಸಾಧ್ಯತೆ ಶೇಕಡಾ 50, ಉಳಿದಿಬ್ಬರದ್ದು ತಲಾ 25 ಎಂಬುದನ್ನು ನೆನಪಿಡಿ. ಆ ಅನುಕೂಲವನ್ನು ಚೀಟಿಗೆ ಬಿಡುವ ಬದಲು ಬುಖ್‌ಹೋಲ್ಟ್ಸ್ ಹೆಚ್ಚಿರುವವರಿಗೆ ಕೊಡುವುದು ಲೇಸು.

ನಾಕೌಟ್‌ನಲ್ಲಿ ಬಹುಮಾನದ ಇಳಿಜಾರು

ನಾಕೌಟ್‌ನಲ್ಲಿ ಟೈ ಸಮಸ್ಯೆ ಸಣ್ಣದು: ಸೆಮಿಫೈನಲ್ ಸೋತ ಇಬ್ಬರು ಮೂರು–ನಾಲ್ಕನೆಯ ಬಹುಮಾನಗಳನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ನಿಜವಾದ ಪ್ರಶ್ನೆಯೆಂದರೆ ಬಹುಮಾನಗಳ ಇಳಿಜಾರು ಎಷ್ಟು ಕಡಿದಾಗಿರಬೇಕು ಎಂಬುದು. ಇದನ್ನು ಬಹಳ ಜನ ಅಂದಾಜಿನಿಂದ ಗೊತ್ತುಮಾಡುತ್ತಾರೆ, ಆದರೆ ಒಂದು ಪುಟ್ಟ ಲೆಕ್ಕ ಇಲ್ಲಿ ದಾರಿ ತೋರುತ್ತದೆ.

50, 25, 12.5, 12.5 ಎಂಬ ಹಂಚಿಕೆಯನ್ನು ನೋಡಿ. ಫೈನಲ್‌ನಲ್ಲಿ ಗೆದ್ದವರಿಗೂ ಸೋತವರಿಗೂ ಇರುವ ವ್ಯತ್ಯಾಸ 25. ಸೆಮಿಫೈನಲ್ ಗೆದ್ದವರಿಗೆ 50 ಅಥವಾ 25 ಸಮ ಸಾಧ್ಯತೆಯಲ್ಲಿ ಸಿಗುವುದರಿಂದ ಅವರ ಸ್ಥಾನದ ಬೆಲೆ 37.5, ಸೋತವರಿಗೆ 12.5, ಅಂದರೆ ಮತ್ತೆ 25ರ ವ್ಯತ್ಯಾಸ. ಕ್ವಾರ್ಟರ್ ಫೈನಲ್ ಗೆದ್ದವರ ಸ್ಥಾನದ ಬೆಲೆ 25, ಸೋತವರಿಗೆ ಸೊನ್ನೆ, ಅಲ್ಲಿಯೂ 25. ಕೊನೆಯ ಮೂರೂ ಸುತ್ತುಗಳಲ್ಲಿ ಪಣ ಒಂದೇ ತೂಕದ್ದು. ಇದಕ್ಕೆ ಬದಲು 40, 30, 15, 15 ಎಂದು ಉದಾರವಾಗಿ ಹಂಚಿದರೆ ಸೆಮಿಫೈನಲ್‌ನ ಪಣ 20, ಫೈನಲ್‌ನದ್ದು ಬರೀ 10. ಪ್ರೇಕ್ಷಕರು ಕಾದು ಕುಳಿತ ಪಂದ್ಯವೇ ಎಲ್ಲಕ್ಕಿಂತ ಹಗುರವಾದಂತಾಗುತ್ತದೆ. 70, 30 ಎಂದು ಇಬ್ಬರಿಗೆ ಮಾತ್ರ ಕೊಟ್ಟರೆ ಸೆಮಿಫೈನಲ್‌ನ ಪಣ 50, ಫೈನಲ್‌ನದ್ದು 40, ಸೆಮಿಫೈನಲ್ ಸೋತವರಿಗೆ ಏನೂ ಇಲ್ಲ. ಅರ್ಧರ್ಧವಾಗಿ ಇಳಿಯುವ ಹಂಚಿಕೆಯೇ ನನಗೆ ಮೆಚ್ಚುಗೆ. ಮೊದಲ ಸುತ್ತುಗಳಲ್ಲಿ ಸೋತವರಿಗೆ ನಡೆಸುವ ಸಮಾಧಾನ ಪಂದ್ಯಾವಳಿಗೆ ನಿಧಿಯ ನಾಲ್ಕನೇ ಒಂದರಷ್ಟನ್ನು ಪ್ರತ್ಯೇಕವಾಗಿ ತೆಗೆದಿಟ್ಟು, ಉಳಿದದ್ದಕ್ಕೆ ಈ ಲೆಕ್ಕವನ್ನು ಅನ್ವಯಿಸಬಹುದು.

ಎರಡು ಸೋಲಿನ ಬಳಿಕವೇ ಹೊರಬೀಳುವ ಪದ್ಧತಿಯಲ್ಲಿ ಒಂದು ವಿಶೇಷವಿದೆ. ಒಮ್ಮೆಯೂ ಸೋಲದವರನ್ನು ಫೈನಲ್‌ನಲ್ಲಿ ಒಂದು ಸೋಲಿನವರು ಸೋಲಿಸಿದರೆ ಇಬ್ಬರೂ ಸಮ, ಇನ್ನೊಂದು ಪಂದ್ಯ ಆಗಲೇಬೇಕು. ಸಭಾಂಗಣ ಮುಚ್ಚುವ ಹೊತ್ತಾಗಿದೆ ಎಂದು ಮೊದಲ ಪಂದ್ಯಕ್ಕೇ ಮುಗಿಸುವುದು ಸೋಲದವರಿಗೆ ಬಗೆಯುವ ಅನ್ಯಾಯ. ಫೈನಲ್ ಆಡಲು ಸಮಯವೇ ಇಲ್ಲವಾದರೆ ಲೆಕ್ಕ ಹೀಗೆ: ಸೋಲದವರು ಸೋಲಬೇಕಾದರೆ ಸತತ ಎರಡು ಪಂದ್ಯ ಕಳೆದುಕೊಳ್ಳಬೇಕು, ಆದ್ದರಿಂದ ಸಮಬಲರ ನಡುವೆ ಅವರ ಗೆಲುವಿನ ಸಾಧ್ಯತೆ ಶೇಕಡಾ 75. ಬಹುಮಾನ 50 ಮತ್ತು 30 ಇದ್ದರೆ ಇಬ್ಬರಿಗೂ 30 ಖಚಿತ, ವಿವಾದದಲ್ಲಿರುವುದು 20 ಮಾತ್ರ. ಅದನ್ನು 15 ಮತ್ತು 5 ಎಂದು ಒಡೆದು 45, 35 ಕೊಡಬೇಕು.

ಅರ್ಧಕ್ಕೆ ನಿಂತ ಫೈನಲ್

ವಿದ್ಯುತ್ತು ಹೋಯಿತು, ಒಬ್ಬರಿಗೆ ರೈಲು ಹಿಡಿಯಬೇಕು, ಒಬ್ಬರು ಅಸ್ವಸ್ಥರಾದರು. ಏಳು ಅಂಕದ ಫೈನಲ್ 5–3ರಲ್ಲಿ ನಿಂತಿದೆ. ಈಗ ಹೇಗೆ ಹಂಚಬೇಕು?

ಇದು ಸಂಭವನೀಯತೆಯ ಗಣಿತವನ್ನೇ ಹುಟ್ಟುಹಾಕಿದ ಪ್ರಶ್ನೆ. 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಗಳಿಸಿದ ಅಂಕಗಳ ಅನುಪಾತದಲ್ಲಿ ಹಂಚಿ ಎಂದರು. ಹಾಗೆ ಮಾಡಿದರೆ 1–0ರಲ್ಲಿ ನಿಂತ ಆಟದ ಇಡೀ ಪಣ ಒಬ್ಬರಿಗೇ ಹೋಗುತ್ತದೆ, ಅದು ಅಸಂಬದ್ಧ ಎಂದು 1556ರಲ್ಲಿ ಅದೇ ದೇಶದ ಗಣಿತಜ್ಞ ತಾರ್ತಾಲ್ಯ ಎತ್ತಿ ತೋರಿಸಿದರು. 1654ರ ಪತ್ರವ್ಯವಹಾರದಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಸರಿಯಾದ ತಿರುವು ಕೊಟ್ಟರು: ಎಷ್ಟು ಗಳಿಸಿದ್ದಾರೆ ಎಂಬುದಲ್ಲ, ಇನ್ನೆಷ್ಟು ಗಳಿಸಬೇಕು ಎಂಬುದೇ ಮುಖ್ಯ. ಮುಂದಿರುವವರಿಗೆ ಎರಡು, ಹಿಂದಿರುವವರಿಗೆ ನಾಲ್ಕು ಅಂಕ ಬೇಕು. ಪ್ರತಿ ಆಟಕ್ಕೂ ಒಂದೇ ಅಂಕವಾದರೆ ಹೆಚ್ಚೆಂದರೆ ಐದು ಆಟಗಳಲ್ಲಿ ತೀರ್ಮಾನ. 32 ಸಾಧ್ಯತೆಗಳಲ್ಲಿ 26 ಮುಂದಿರುವವರ ಪರ, ಅಂದರೆ ಶೇಕಡಾ 81ಕ್ಕೂ ಸ್ವಲ್ಪ ಹೆಚ್ಚು.

ಬ್ಯಾಕ್‌ಗ್ಯಾಮನ್‌ನಲ್ಲಿ ಇದೂ ಪೂರ್ತಿ ಸರಿಯಲ್ಲ, ಏಕೆಂದರೆ ಇಲ್ಲಿ ಕ್ಯೂಬ್ ಇದೆ. ಹಿಂದಿರುವವರು ಡಬಲ್ ಮಾಡಿ ಗೆದ್ದರೆ ಒಂದೇ ಆಟದಲ್ಲಿ 5–5, ಗ್ಯಾಮನ್ ಆದರೆ ಪಂದ್ಯವೇ ಅವರದ್ದು. ಮುಂದಿರುವವರಿಗೆ ಎರಡೇ ಅಂಕ ಬೇಕಾದ್ದರಿಂದ ಕ್ಯೂಬನ್ನು ಮರಳಿ ಏರಿಸುವುದರಿಂದ ಯಾವ ಲಾಭವೂ ಇಲ್ಲ. ಹೀಗಾಗಿ ಆಟಗಾರರು ಬಳಸುವ ಪಂದ್ಯ ಸಾಧ್ಯತೆಯ ಕೋಷ್ಟಕಗಳು ಈ ಸ್ಥಿತಿಯಲ್ಲಿ ಮುಂದಿರುವವರಿಗೆ ಸುಮಾರು ಮೂರನೇ ಎರಡರಷ್ಟು ಮಾತ್ರ ಕೊಡುತ್ತವೆ. ಮೇಲಿನ 50–30ರ ಬಹುಮಾನದಲ್ಲಿ ವಿವಾದದ 20 ಪಾಲನ್ನು ಹೀಗೆ ಒಡೆದರೆ ಸುಮಾರು 43.3 ಮತ್ತು 36.7 ಬರುತ್ತದೆ. ಕ್ಯೂಬನ್ನು ಮರೆತ ಲೆಕ್ಕ 46.25 ಮತ್ತು 33.75 ಕೊಡುತ್ತಿತ್ತು. ಪಚೋಲಿಯ ಅನುಪಾತ ಇಲ್ಲಿ 42.5 ಮತ್ತು 37.5 ಕೊಟ್ಟು ಹೆಚ್ಚು ಹತ್ತಿರ ಬರುವುದು ಬರೀ ಕಾಕತಾಳೀಯ, ಅದನ್ನು ನಂಬಿ ಕೂರಬೇಡಿ. ಆಟ ನಡುವೆಯೇ ನಿಂತಿದ್ದರೆ ಹಲಗೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಕ್ಯೂಬ್ ಯಾರ ಬಳಿ ಎಷ್ಟರಲ್ಲಿದೆ, ದಾಳ ಹಾಕುವ ಸರದಿ ಯಾರದ್ದು ಎಂದು ಬರೆದುಕೊಳ್ಳಿ. ತಂತ್ರಾಂಶ ಆ ಸ್ಥಿತಿಯ ಸಾಧ್ಯತೆಯನ್ನೇ ನೇರವಾಗಿ ಹೇಳುತ್ತದೆ.

ಆಟ ಶುರುವಾಗುವ ಮೊದಲೇ ಫೈನಲ್ ಆಡುವವರಿಬ್ಬರು ಹಣವನ್ನು ಹಂಚಿಕೊಳ್ಳಲು ಬಯಸುವುದೂ ಉಂಟು. ಇದನ್ನು ನಿಷೇಧಿಸಿದರೆ ಗುಟ್ಟಾಗಿ ನಡೆಯುತ್ತದೆ, ಆದ್ದರಿಂದ ಅನುಮತಿಸಿ ಬಹಿರಂಗವಾಗಿಸುವುದು ಲೇಸು. ಒಪ್ಪಂದವನ್ನು ನಿರ್ದೇಶಕರಿಗೆ ತಿಳಿಸಬೇಕು, ಮೊದಲ ಮತ್ತು ಎರಡನೆಯ ಬಹುಮಾನದ ವ್ಯತ್ಯಾಸದ ಒಂದು ಭಾಗವನ್ನಾದರೂ ಪಣವಾಗಿ ಉಳಿಸಬೇಕು, ಪಾರಿತೋಷಕಕ್ಕೆ ಆಡಲೇಬೇಕು. ಇಬ್ಬರ ರೇಟಿಂಗ್ ಬೇರೆಯಿದ್ದು ಸಮಪಾಲು ಸರಿಯೆನಿಸದಿದ್ದರೆ, ಫಿಬ್ಸ್ ಎಂಬ ಹಳೆಯ ಅಂತರಜಾಲ ಸರ್ವರ್‌ನ ಸೂತ್ರ ಆಧಾರವಾಗಬಲ್ಲದು. ಅದರ ಪ್ರಕಾರ ಒಂಬತ್ತು ಅಂಕದ ಪಂದ್ಯದಲ್ಲಿ 100 ರೇಟಿಂಗ್ ಅಂತರವಿದ್ದರೆ ಬಲಿಷ್ಠರ ಸಾಧ್ಯತೆ ಶೇಕಡಾ 58.5ರಷ್ಟು. ಆಟಗಾರರ ಮೇಲೆ ಹರಾಜು ಕೂಗಿ, ಅವರು ಗೆದ್ದರೆ ಹಣ ಪಡೆಯುವ ಪಾಲನ್ನು ಬೇರೆಯವರು ಕೊಂಡಿರುವ ಕಡೆ ಮಾತ್ರ ಎಚ್ಚರ. ಇಬ್ಬರು ಆಟಗಾರರ ಒಪ್ಪಂದ ಆ ಹರಾಜಿನ ನಿಧಿಯನ್ನು ಕಟ್ಟಿಹಾಕುವುದಿಲ್ಲ.

ಬರೆದು ಅಂಟಿಸಬೇಕಾದದ್ದು

ಇವೆಲ್ಲವೂ ಮೊದಲ ದಾಳ ಬೀಳುವ ಮುನ್ನ ಗೋಡೆಯ ಮೇಲಿರಬೇಕು. ಯಾರು ಟೈ ಆಗಿದ್ದಾರೆಂದು ಗೊತ್ತಾದ ಮೇಲೆ ಬರೆದ ನಿಯಮ, ಎಷ್ಟೇ ಒಳ್ಳೆಯದಾದರೂ, ಯಾರೋ ಒಬ್ಬರ ಪರವಾಗಿಯೇ ಕಾಣುತ್ತದೆ. ಪ್ರವೇಶ ಶುಲ್ಕದಲ್ಲಿ ಎಷ್ಟು ಭಾಗ ನಿಧಿಗೆ, ಎಷ್ಟು ಭಾಗ ಖರ್ಚಿಗೆ ಎಂಬುದನ್ನು ಅದರಲ್ಲೇ ಸೇರಿಸಿ. ಹಣದ ಬಹುಮಾನಕ್ಕೆ ನಿಮ್ಮಲ್ಲಿಯ ಕಾನೂನು ಅವಕಾಶ ಕೊಡುತ್ತದೆಯೇ ಎಂದು ಅದಕ್ಕೂ ಮೊದಲೇ ವಿಚಾರಿಸಿರಬೇಕು. ಐಚ್ಛಿಕ ಉಪನಿಧಿ ಇದ್ದರೆ ಅದಕ್ಕೆ ಹಣ ಕಟ್ಟಿದವರಲ್ಲಿ ಅತಿ ಮುಂದೆ ಹೋದವರಿಗೆ ಅದು ಸಲ್ಲುತ್ತದೆ, ಅಂಥ ಇಬ್ಬರು ಒಂದೇ ಸುತ್ತಿನಲ್ಲಿ ಸೋತರೆ ಸಮನಾಗಿ ಹಂಚಿಕೆ. ಸ್ವಿಸ್ ಪಂದ್ಯಾವಳಿಗೆ ನಾನು ಬರೆಯುವ ಮಾದರಿ ಹೀಗಿರುತ್ತದೆ:

“ಸಮ ಗೆಲುವುಗಳಿದ್ದವರು ತಾವು ತುಂಬಿದ ಸ್ಥಾನಗಳ ಹಣದ ಬಹುಮಾನಗಳನ್ನು ಕೂಡಿಸಿ ಸಮನಾಗಿ ಹಂಚಿಕೊಳ್ಳುತ್ತಾರೆ. ಪಾರಿತೋಷಕ ಮತ್ತು ಮುಂದಿನ ಹಂತದ ಅರ್ಹತೆಗೆ ಮಾತ್ರ ಕ್ರಮವಾಗಿ ಪರಸ್ಪರ ಪಂದ್ಯದ ಫಲಿತಾಂಶವನ್ನೂ, ಅತಿ ಕಡಿಮೆಯ ಒಂದನ್ನು ಬಿಟ್ಟ ಎದುರಾಳಿಗಳ ಗೆಲುವಿನ ಮೊತ್ತವನ್ನೂ ನೋಡಲಾಗುವುದು. ಅದೂ ಸಮವಾದರೆ ಮೂರು ಅಂಕದ ಪ್ಲೇಆಫ್, ಸಮಯವಿಲ್ಲದಿದ್ದರೆ ಒಂದೇ ಆಟ. ಆಡದೆ ಬಿಟ್ಟುಹೋದವರು ಪ್ಲೇಆಫ್‌ನ ಹಕ್ಕನ್ನು ಕಳೆದುಕೊಳ್ಳುತ್ತಾರೆ, ಹಣದ ಪಾಲನ್ನಲ್ಲ. ಭಾಗಿಸಿದಾಗ ಉಳಿಯುವ ಚಿಲ್ಲರೆ ಪ್ರಥಮ ಬಹುಮಾನಕ್ಕೆ ಸೇರುತ್ತದೆ.”

ಕೊನೆಯ ವಾಕ್ಯವನ್ನು ನೋಡಿ ಕೆಲವರು ನಗುತ್ತಾರೆ. ಆದರೆ 100ನ್ನು ಮೂವರಿಗೆ ಹಂಚಿದಾಗ ಉಳಿಯುವ ಒಂದು ಯಾರ ಜೇಬಿಗೆ ಹೋಯಿತೆಂದು ಕೇಳುವವರು ಪ್ರತಿ ಪಂದ್ಯಾವಳಿಯಲ್ಲೂ ಒಬ್ಬರಾದರೂ ಇರುತ್ತಾರೆ.